ಕಷ್ಟದ ಕಾಂಬಿನೇಷನ್ನಾ, ಕೈಗೆ ಸಿಗುವ ಅಂಕವಾ? ಪಿಯುಸಿ ಸೇರುವ ಮುಂಚೆ ಹಾಕಬೇಕಾದ ಲೆಕ್ಕ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರದಲ್ಲಿ ಎಲ್ಲ ಮನೆಗಳಲ್ಲೂ ಇದೇ ಚರ್ಚೆ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ) ತಗೊಳ್ಳೋದಾ, ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿನಾ? ಸ್ಟೇಟ್ ಪಿಯುನಾ, ಸಿಬಿಎಸ್‌ಇನಾ? ಪಿಯು ಪಾಠದ ಜೊತೆಗೇ ಪ್ರವೇಶ ಪರೀಕ್ಷೆಗೂ ತಯಾರು ಮಾಡುವ ಇಂಟಿಗ್ರೇಟೆಡ್ ಕೋಚಿಂಗಾ, ಊರಿನ ಕಾಲೇಜೇ ಸಾಕಾ? ಸೋದರಮಾವ ಒಂದು ಹೇಳುತ್ತಾರೆ, ಪಕ್ಕದ ಮನೆ ಆಂಟಿ ಇನ್ನೊಂದು. ಕೊನೆಗೆ ಫ್ರೆಂಡ್ ಏನು ತಗೊಂಡನೋ ಅದೇ ಗಟ್ಟಿ ಆಗುತ್ತೆ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಅಡ್ಮಿಷನ್ ಸಮಯದಲ್ಲಿ ಅಪ್ಪ ಅಮ್ಮಂದಿರು ನನ್ನನ್ನು ಕೇಳೋದು ಸುತ್ತಿ ಬಳಸಿ ಒಂದೇ ಪ್ರಶ್ನೆ. ಕಷ್ಟದ್ದನ್ನು ಆರಿಸಿಕೊಂಡು ಅಂಕ ಸ್ವಲ್ಪ ಕಡಿಮೆ ಬಂದರೆ ನಡೆಯುತ್ತಾ, ಅಥವಾ ಹಗುರವಾದ್ದನ್ನು ಆರಿಸಿಕೊಂಡು ಅಂಕ ಗಟ್ಟಿ ಮಾಡಿಕೊಳ್ಳೋದು ವಾಸಿಯಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಷ್ಟ ಎಷ್ಟು ಅನ್ನೋದನ್ನು ಎರಡನೆಯದಾಗಿ ನೋಡಿ. ನಿಮ್ಮ ಮಗು ಹೋಗಬೇಕು ಅಂದುಕೊಂಡಿರುವ ಕೋರ್ಸಿಗೆ ಯಾವ ಅಂಕ ಲೆಕ್ಕಕ್ಕೆ ಬರುತ್ತೆ, ಯಾವುದು ಬರೋದೇ ಇಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ. ಲೆಕ್ಕಕ್ಕೆ ಬರುವ ಅಂಕ ಕೈತಪ್ಪದ ಹಾಗೆ ಎಷ್ಟು ಭಾರ ಹೊರಬಹುದೋ ಅಷ್ಟು ಹೊರಲಿ. ಅದಕ್ಕಿಂತ ಜಾಸ್ತಿ ಬೇಡ, ಕಡಿಮೆಯೂ ಬೇಡ.

ಇಂಜಿನಿಯರಿಂಗ್: ಮೂರು ಪ್ರಶ್ನೆ, ಐದು ಅಂಕ

ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಬೇಕಾದರೆ ರ‍್ಯಾಂಕ್ ಬರೋದು ಹೀಗೆ. ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಅಂಕಕ್ಕೆ ಅರ್ಧ ತೂಕ. ಸಿಇಟಿಯಲ್ಲಿ ಅದೇ ಮೂರು ವಿಷಯದ ಅಂಕಕ್ಕೆ ಇನ್ನರ್ಧ. ಪಿಯುಸಿಯದ್ದು 300ಕ್ಕೆ, ಸಿಇಟಿಯದ್ದು 180ಕ್ಕೆ, ಪ್ರಶ್ನೆಗೆ ಒಂದು ಅಂಕ. ಎರಡನ್ನೂ ಶೇಕಡಾಕ್ಕೆ ತಂದು ಸರಾಸರಿ ತೆಗೆಯುತ್ತಾರೆ.

ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಒಬ್ಬ ಹುಡುಗಿಗೆ ಪಿಯುಸಿಯ ಈ ಮೂರು ವಿಷಯದಲ್ಲಿ 285, ಅಂದರೆ ಶೇ. 95. ಸಿಇಟಿಯಲ್ಲಿ 90, ಅಂದರೆ ಶೇ. 50. ಸರಾಸರಿ 72.5. ಇನ್ನೊಬ್ಬ ಹುಡುಗನಿಗೆ ಪಿಯುಸಿಯಲ್ಲಿ 255, ಶೇ. 85. ಸಿಇಟಿಯಲ್ಲಿ 117, ಶೇ. 65. ಸರಾಸರಿ 75. ಬೋರ್ಡ್ ಪರೀಕ್ಷೆಯಲ್ಲಿ 30 ಅಂಕ ಹಿಂದಿದ್ದ ಹುಡುಗ ರ‍್ಯಾಂಕಿನಲ್ಲಿ ಮುಂದೆ ಹೋದ. ಈಗ ಅದೇ ಹುಡುಗಿ ಬೋರ್ಡಿನ 285 ಉಳಿಸಿಕೊಂಡು ಸಿಇಟಿಯಲ್ಲೂ 117 ತೆಗೆದಿದ್ದರೆ? ಸರಾಸರಿ 80. ಈ ಹಂತದಲ್ಲಿ ಒಂದೊಂದು ಪಾಯಿಂಟಿಗೂ ರ‍್ಯಾಂಕ್ ಸಾವಿರಗಳ ಲೆಕ್ಕದಲ್ಲಿ ಹಿಂದೆ ಮುಂದೆ ಆಗುತ್ತೆ.

ಇದರೊಳಗೆ ಇನ್ನೊಂದು ಲೆಕ್ಕ ಇದೆ. ಸಿಇಟಿಯ ಮೂರು ಪ್ರಶ್ನೆ ಸರಿಯಾದರೆ ರ‍್ಯಾಂಕಿಗೆ ಎಷ್ಟು ಲಾಭವೋ, ಬೋರ್ಡ್ ಪರೀಕ್ಷೆಯ ಐದು ಅಂಕಕ್ಕೂ ಅಷ್ಟೇ ಲಾಭ. ಹಾಗಾಗಿ "ಬೋರ್ಡ್ ಬಿಡು, ಸಿಇಟಿ ನೋಡು" ಅನ್ನೋದೂ ತಪ್ಪು, "ಬೋರ್ಡಲ್ಲಿ 95 ಬಂದರೆ ಸಾಕು" ಅನ್ನೋದೂ ತಪ್ಪು. ಓದೋಕೆ ಒಂದು ಗಂಟೆ ಸಿಕ್ಕರೆ ಆ ಗಂಟೆಯಲ್ಲಿ ಐದು ಅಂಕ ಗಟ್ಟಿ ಆಗುತ್ತಾ, ಮೂರು ಪ್ರಶ್ನೆ ಗಟ್ಟಿ ಆಗುತ್ತಾ ಅಂತ ಕೇಳಿಕೊಳ್ಳಬೇಕು. ಈಗಾಗಲೇ 90 ದಾಟಿರುವ ಮಗುವಿಗೆ ಬೋರ್ಡಿನ ಮುಂದಿನ ಐದು ಅಂಕ ತುಂಬ ದುಬಾರಿ. ಆದರೆ 70ರ ಹತ್ತಿರ ಇರುವ ಮಗುವಿಗೆ ಆ ಐದು ಅಂಕ ಒಂದೇ ಪಾಠದಲ್ಲಿ ಸಿಕ್ಕಿಬಿಡಬಹುದು.

ಸುಮ್ನೆ ಕಳೆದುಕೊಳ್ಳುವ ಅಂಕವೂ ಒಂದಿಷ್ಟಿದೆ. ಫಿಸಿಕ್ಸ್, ಕೆಮಿಸ್ಟ್ರಿಯಲ್ಲಿ ತಲಾ 30 ಅಂಕ ಪ್ರಾಕ್ಟಿಕಲ್‌ದು. ಮ್ಯಾತ್ಸ್‌ನಲ್ಲಿ 20 ಇಂಟರ್ನಲ್. ಅಂದರೆ ರ‍್ಯಾಂಕಿಗೆ ಎಣಿಸುವ 300ರಲ್ಲಿ 80 ಅಂಕಕ್ಕೆ ಥಿಯರಿ ಪೇಪರನ್ನು ಕಾಯಬೇಕಾಗಿಲ್ಲ, ವರ್ಷ ಪೂರ್ತಿ ಸೇರಿಸಿಕೊಳ್ಳಬಹುದು. ಲ್ಯಾಬ್ ರೆಕಾರ್ಡ್ ಬರೆಯದೆ, ಓಮ್ ನಿಯಮದ ಗ್ರಾಫ್ ಕೊನೆ ದಿನ ಪಕ್ಕದವನದ್ದು ನೋಡಿ ಎಳೆದು, ವೈವಾದಲ್ಲಿ ಬಾಯಿ ಬಿಡದೆ ನಿಲ್ಲುವ ಬುದ್ಧಿವಂತ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಸಿಇಟಿಗೆ ರಾತ್ರಿಯೆಲ್ಲ ಕೂತು ಓದುವ ಮಗು ಇಲ್ಲಿ ಏಳೆಂಟು ಅಂಕ ಬಿಟ್ಟಿರುತ್ತೆ.

ಭಾಷೆಗಳ ವಿಷಯ. ಪಿಯುಸಿಯ 600ರಲ್ಲಿ 200 ಅಂಕ ಎರಡು ಭಾಷೆಗಳದ್ದು. ಇಂಜಿನಿಯರಿಂಗ್ ರ‍್ಯಾಂಕಿಗೆ ಈ 200ರಲ್ಲಿ ಒಂದಂಕವೂ ಲೆಕ್ಕಕ್ಕಿಲ್ಲ. ಆದರೂ ಹತ್ತು ವರ್ಷ ಕನ್ನಡ ಓದಿದ ಮಕ್ಕಳನ್ನು "ಅಂಕ ಜಾಸ್ತಿ ಬರುತ್ತೆ" ಅಂತ ಬೇರೆ ಭಾಷೆಗೆ ಸೇರಿಸುತ್ತಾರೆ. ಸಂಸ್ಕೃತವನ್ನೋ ಹಿಂದಿಯನ್ನೋ ಇಷ್ಟಪಟ್ಟು ಓದುವವರು ಖಂಡಿತ ಓದಲಿ. ಆದರೆ ಸಿಇಟಿ ಸೀಟಿಗೋಸ್ಕರ ಕನ್ನಡ ಬಿಡಿಸೋದರಲ್ಲಿ ಅರ್ಥವೇ ಇಲ್ಲ, ಆ ಸೀಟಿಗೆ ಈ ಅಂಕ ಬೇಕಾಗೇ ಇಲ್ಲವಲ್ಲ.

ಎನ್‌ಐಟಿ, ಐಐಟಿ ಕಡೆ ನೋಡುವವರ ಲೆಕ್ಕ ಬೇರೆ. ಅಲ್ಲಿ ರ‍್ಯಾಂಕ್ ಪೂರ್ತಿ ಜೆಇಇ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯದ್ದು. ಬೋರ್ಡ್ ಅಂಕಕ್ಕೆ ಒಂದು ಗೆರೆ ಹಾಕಿದ್ದಾರೆ, ಅಷ್ಟೇ. ಶೇ. 75 ಇರಬೇಕು, ಇಲ್ಲವೇ ನಿಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ (ಅಂಕದಲ್ಲಿ ಮುಂದಿರುವ ಐದನೇ ಒಂದು ಪಾಲು ಮಕ್ಕಳು) ಒಳಗಿರಬೇಕು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಶೇ. 65. ಗೆರೆ ದಾಟಿದ ಮೇಲೆ 76 ಆದರೂ ಒಂದೇ, 98 ಆದರೂ ಒಂದೇ. ಇಲ್ಲಿ ಐದು ವಿಷಯ ಎಣಿಸುವಾಗ ಒಂದು ಭಾಷೆಯೂ ಸೇರುತ್ತೆ, ಹಾಗಾಗಿ ಭಾಷೆಯನ್ನು ಪೂರ್ತಿ ಮರೆಯುವ ಹಾಗಿಲ್ಲ.

ಪಿಸಿಎಂಬಿನಾ, ಪಿಸಿಎಂಸಿನಾ?

ಜಾಸ್ತಿ ಗೊಂದಲ ಇರೋದು ಇಲ್ಲೇ. "ಎರಡು ಕಡೆಗೂ ದಾರಿ ಇರಲಿ" ಅಂತ ಬಹಳ ಜನ ಪಿಸಿಎಂಬಿ ತಗೊಳ್ಳುತ್ತಾರೆ. ಆ ಮಾತು ಸುಳ್ಳಲ್ಲ. ಬಯಾಲಜಿ ಓದಿದವರು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗಿಗೂ ಹೋಗಬಹುದು, ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತ ನಿಯಮವಿಲ್ಲ. ಪಿಸಿಎಂಸಿ ತಗೊಂಡವರಿಗೆ ಮಾತ್ರ ಮೆಡಿಕಲ್, ಪಶುವೈದ್ಯಕೀಯದಂಥ ಕೋರ್ಸು ದೂರವಾಗುತ್ತೆ. ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಆಮೇಲೆ ಬರೆದು ಪಾಸಾದವರಿಗೂ ಎಂಬಿಬಿಎಸ್ ಅವಕಾಶ ಕೊಡುವುದಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದೆ. ಅದು ಮನಸ್ಸು ಬದಲಾದವರಿಗೆ ಸಿಕ್ಕ ಸೌಲಭ್ಯ. ಮೊದಲೇ ಅದನ್ನು ನಂಬಿ ಕಾಂಬಿನೇಷನ್ ಆರಿಸಬೇಡಿ.

ಆದರೆ ದಾರಿ ತೆರೆದಿಡೋದಕ್ಕೂ ಬೆಲೆ ಇದೆ ಅಲ್ವಾ? ಬಯಾಲಜಿ ಅಂದರೆ ದಪ್ಪ ಪುಸ್ತಕ, ಚಿತ್ರಗಳು, ಪ್ರಾಣಿ ಸಸ್ಯಗಳ ಹೆಸರು, ಇನ್ನೊಂದು ರೆಕಾರ್ಡ್. ಮಗುವಿಗೆ ಅದರಲ್ಲಿ ಆಸಕ್ತಿ ಇದ್ದರೆ ಇದು ಭಾರವೇ ಅಲ್ಲ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕದಲ್ಲಿ 360 ಬಯಾಲಜಿಯದ್ದೇ, ಆಸಕ್ತಿ ಇದ್ದವರಿಗೆ ಅದು ದೊಡ್ಡ ಬಲ. ಆಸಕ್ತಿ ಇಲ್ಲದ ಮಗುವಿಗೆ ಅದು ಫಿಸಿಕ್ಸ್, ಮ್ಯಾತ್ಸ್‌ಗೆ ಸಿಗಬೇಕಾದ ಸಮಯವನ್ನು ತಿನ್ನುತ್ತೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಬಯಾಲಜಿ ಅಂಕ ಸೇರೋದಿಲ್ಲ. ಅಂದರೆ ಲೆಕ್ಕಕ್ಕೆ ಬಾರದ ಅಂಕಕ್ಕೆ ಲೆಕ್ಕಕ್ಕೆ ಬರುವ ಅಂಕವನ್ನು ಕೊಟ್ಟ ಹಾಗಾಯಿತು.

ನಾನು ಮಕ್ಕಳನ್ನೇ ಕೇಳುತ್ತೇನೆ. ಹತ್ತನೇ ತರಗತಿಯಲ್ಲಿ ಜೀವಶಾಸ್ತ್ರದ ಪಾಠ ಯಾರೂ ಹೇಳದೆ ತಾನಾಗೇ ಓದುತ್ತಿದ್ದೆಯಾ? ಹೌದು ಅಂದರೆ ಪಿಸಿಎಂಬಿ. "ಅಮ್ಮ ಡಾಕ್ಟರ್ ಆಗು ಅಂತಾರೆ" ಅನ್ನೋದಷ್ಟೇ ಉತ್ತರವಾದರೆ ಮನೆಯಲ್ಲಿ ಇನ್ನೊಮ್ಮೆ ಕೂತು ಮಾತಾಡಿ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯದ ಕಡೆ ಮನಸ್ಸಿದ್ದರೆ ಮಾತ್ರ ಕಣ್ಣುಮುಚ್ಚಿ ಪಿಸಿಎಂಬಿ ತಗೊಳ್ಳಿ. ಹಳ್ಳಿ ಮಕ್ಕಳಿಗೆ, ಜಮೀನಿನ ಜೊತೆ ಬೆಳೆದವರಿಗೆ ಇವು ತುಂಬ ಒಳ್ಳೆಯ ಕೋರ್ಸುಗಳು. ಮೆಡಿಕಲ್ ಸಿಗದವರ ಎರಡನೇ ಆಯ್ಕೆ ಅಂತ ಇವನ್ನು ನೋಡೋದು ನನಗೆ ಇಷ್ಟವಿಲ್ಲ.

ಪಿಸಿಎಂಎಸ್ ಬಗ್ಗೆ ಯಾರೂ ಕೇಳಲ್ಲ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಕಾಲೇಜು ನಿಮ್ಮ ಹತ್ತಿರ ಇದ್ದು, ಮಗುವಿಗೆ ಮ್ಯಾತ್ಸ್ ಇಷ್ಟವಿದ್ದರೆ ಅದನ್ನೂ ನೋಡಿ. ಡೇಟಾ, ಅರ್ಥಶಾಸ್ತ್ರದ ಕಡೆ ಹೋಗುವವರಿಗೆ ಮುಂದೆ ಉಪಯೋಗಕ್ಕೆ ಬರುತ್ತೆ. ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇಗೂ ಇದೇ ಮಾತು.

ನೀಟ್ ಒಂದನ್ನೇ ನಂಬೋದು

ಮೆಡಿಕಲ್ ಸೀಟಿಗೆ ನೀಟ್ ರ‍್ಯಾಂಕ್ ಮಾತ್ರ. ಬೋರ್ಡಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಶೇ. 40 ಇದ್ದರೆ ಅರ್ಹತೆ ಸಿಕ್ಕಿತು. ಇದನ್ನು ನೋಡಿ ಕೆಲವರು ಬೋರ್ಡನ್ನು ಪೂರ್ತಿ ಕೈಬಿಡುತ್ತಾರೆ. ಮ್ಯಾತ್ಸ್ ಪುಸ್ತಕ ತೆರೆಯೋದೇ ಇಲ್ಲ.

ಇದು ನನಗೆ ಭಯ ಹುಟ್ಟಿಸುವ ಆಯ್ಕೆ. ನೀಟ್ ಬರೆದವರಲ್ಲಿ ಸರ್ಕಾರಿ ಸೀಟು ಸಿಗೋದು ಸ್ವಲ್ಪ ಜನರಿಗೆ. ಸಿಗದಿದ್ದವರ ಮುಂದೆ ಉಳಿಯೋದು ಏನು? ಸಿಇಟಿ ಮೂಲಕ ಇಂಜಿನಿಯರಿಂಗ್ ಅಂದರೆ ಬೋರ್ಡ್ ಅಂಕ ಬೇಕು. ಒಳ್ಳೆಯ ಕಾಲೇಜಿನಲ್ಲಿ ಬಿಎಸ್ಸಿ ಅಂದರೂ ಬಹಳ ಕಡೆ ಬೋರ್ಡ್ ಅಂಕವೇ ಬೇಕು. ಇನ್ನೊಂದು ವರ್ಷ ಕೂತು ನೀಟ್ ಬರೆಯಬಹುದು, ಆದರೆ ಆ ವರ್ಷದ ಖರ್ಚು, ಮನಸ್ಸಿನ ಒತ್ತಡ ಎರಡೂ ಸಣ್ಣದಲ್ಲ. ನೀಟ್‌ಗೆ ಓದುವ ಮಗು ಬೋರ್ಡಿನಲ್ಲಿ 80-85 ಇಟ್ಟುಕೊಳ್ಳಲಿ. 97ರ ಹಠ ಬೇಡ.

ಸ್ಟೇಟ್ ಪಿಯು ಮತ್ತು ಸಿಬಿಎಸ್‌ಇ

ಪಿಯು ವಿಜ್ಞಾನದ ಪುಸ್ತಕಗಳೂ ಎನ್‌ಸಿಇಆರ್‌ಟಿಯವೇ. ಹಾಗಾಗಿ "ಸಿಬಿಎಸ್‌ಇ ಓದಿದರೆ ಮಾತ್ರ ಜೆಇಇ" ಅನ್ನೋದು ಹಳೇ ಕಾಲದ ಮಾತು. ವ್ಯತ್ಯಾಸ ಇರೋದು ಪ್ರಶ್ನೆ ಕೇಳುವ ರೀತಿಯಲ್ಲಿ. ನನ್ನ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ಪಿಯು ಬೋರ್ಡಿನಲ್ಲಿ ಮತ್ತೆ ಮತ್ತೆ ಬರುವ ಐದು ಅಂಕದ ಪ್ರಶ್ನೆ: ಎಲೆಕ್ಟ್ರಿಕ್ ಡೈಪೋಲ್‌ನ (ಸಮನಾದ, ವಿರುದ್ಧ ಚಿಹ್ನೆಯ ಎರಡು ಚಾರ್ಜುಗಳ ಜೋಡಿಯ) ಅಕ್ಷದ ಮೇಲಿನ ಒಂದು ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಸೂತ್ರ ಸಾಧಿಸಿ. ಚಿತ್ರ ಬರೆದು, ಎರಡು ಚಾರ್ಜುಗಳ ಕ್ಷೇತ್ರ ಬೇರೆ ಬೇರೆ ಬರೆದು, ಕಳೆದು, ಕೊನೆಗೆ ದೂರ ತುಂಬ ಜಾಸ್ತಿ ಅಂತ ಇಟ್ಟುಕೊಂಡರೆ ಸೂತ್ರ ಬರುತ್ತೆ. ಹತ್ತು ಸಲ ಬರೆದವರಿಗೆ ಐದಕ್ಕೆ ಐದು. ಸಿಇಟಿಯಲ್ಲಿ ಅದೇ ಪಾಠದಿಂದ ಹೀಗೆ ಕೇಳಬಹುದು: ಚಿಕ್ಕ ಡೈಪೋಲ್‌ನಿಂದ ದೂರವನ್ನು ಎರಡರಷ್ಟು ಮಾಡಿದರೆ ಕ್ಷೇತ್ರ ಎಷ್ಟಾಗುತ್ತೆ? ಉತ್ತರ ಎಂಟರಲ್ಲಿ ಒಂದು ಪಾಲು, ಯಾಕಂದರೆ ಸೂತ್ರದ ಕೆಳಗೆ ದೂರದ ಘನ ಇದೆ. ಇಡೀ ಡಿರೈವೇಷನ್ ತಪ್ಪಿಲ್ಲದೆ ಬರೆಯುವ ಮಕ್ಕಳು ಇಲ್ಲಿ "ನಾಲ್ಕರಲ್ಲಿ ಒಂದು" ಅಂತ ಗುರುತು ಹಾಕುತ್ತಾರೆ. ತಾವೇ ಬರೆದ ಸೂತ್ರವನ್ನು ಅವರು ಸರಿಯಾಗಿ ನೋಡಿರೋದಿಲ್ಲ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡ್. ಅಲ್ಲಿ ಮತ್ತೆ ಸಾಧಿಸಿ ನೋಡೋಕೆ ಸಮಯ ಇರೋದಿಲ್ಲ.

ಸಿಬಿಎಸ್‌ಇಯಲ್ಲಿ ಈ ಎರಡನೇ ಥರದ ಪ್ರಶ್ನೆಗಳು ಬೋರ್ಡ್ ಪರೀಕ್ಷೆಯಲ್ಲೇ ಜಾಸ್ತಿ ಬರುತ್ತವೆ. ಅಭ್ಯಾಸ ತಾನಾಗೇ ಆಗುತ್ತೆ, ಆದರೆ ಅಂಕ ಸುಲಭಕ್ಕೆ ಸಿಗಲ್ಲ. ಪಿಯುವಿನಲ್ಲಿ ಮಾಡೆಲ್ ಪೇಪರ್, ಯಾವ ಪಾಠಕ್ಕೆ ಎಷ್ಟು ಅಂಕ ಅಂತ ಹೇಳುವ ಬ್ಲೂ ಪ್ರಿಂಟ್ ಹಿಡಿದು ಓದಿದರೆ ಅಂಕ ಗಟ್ಟಿ. ಸಿಇಟಿ ಲೆಕ್ಕದಲ್ಲಿ ಬೋರ್ಡ್ ಅಂಕಕ್ಕೆ ಅರ್ಧ ತೂಕ ಇರೋದರಿಂದ, ಕರ್ನಾಟಕದಲ್ಲೇ ಇಂಜಿನಿಯರಿಂಗ್ ಓದುವವರಿಗೆ ಸ್ಟೇಟ್ ಪಿಯು ಒಳ್ಳೆಯದು ಅಂತ ನಾನು ಹೇಳುತ್ತೇನೆ. ಎಂಸಿಕ್ಯೂ (ಸರಿಯುತ್ತರ ಆರಿಸುವ ಪ್ರಶ್ನೆ) ಅಭ್ಯಾಸವನ್ನು ಪಕ್ಕದಲ್ಲಿ ಮಾಡಿಕೊಂಡರಾಯಿತು. ದೇಶದ ಬೇರೆ ಕಡೆಗೆ, ಜೆಇಇಗೆ ಪೂರ್ತಿ ಮನಸ್ಸು ಕೊಟ್ಟವರು ಸಿಬಿಎಸ್‌ಇಯಲ್ಲೇ ಇದ್ದರೆ ಬದಲಾಯಿಸುವ ಅಗತ್ಯವಿಲ್ಲ. ಅಲ್ಲಿ ಇನ್ನೊಂದು ಅನುಕೂಲವೂ ಇದೆ. ಒಂದೇ ಭಾಷೆ ತಗೊಂಡು ಒಟ್ಟು ಐದು ವಿಷಯ ಓದಿದರೆ ಸಾಕು. ಪಿಯುವಿನಲ್ಲಿ ಆರು.

ಯಾವ ಬೋರ್ಡ್ ಆದರೂ ಆ ವರ್ಷದ ಸಿಇಟಿ ಸಿಲಬಸ್ ಪಟ್ಟಿಯನ್ನು ಇಳಿಸಿಕೊಂಡು ಗೋಡೆಗೆ ಅಂಟಿಸಿ. 2024ರಲ್ಲಿ ಸಿಲಬಸ್ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಗಿ, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಪಾಠಗಳನ್ನು ಕಡಿತ ಮಾಡುತ್ತಾ ಇರುತ್ತಾರೆ, ಹಳೇ ಗೈಡುಗಳು ಹಾಗೇ ಉಳಿದಿರುತ್ತವೆ. ಬೇಡದ ಪಾಠಕ್ಕೆ ವಾರಗಟ್ಟಲೆ ಸುರಿಯಬೇಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಮೊದಲ ಪಿಯುಸಿಯ ಮೊದಲ ಎರಡು ಮೂರು ತಿಂಗಳು ನಿಜಕ್ಕೂ ಕಷ್ಟ. ಪಾಠ ಅರ್ಥವಾಗಲಿಲ್ಲ ಅಂತಲ್ಲ, ಪದಗಳೇ ಹೊಸವು. ಈ ಅವಧಿಯ ಅಂಕ ನೋಡಿ "ಸೈನ್ಸ್ ನಿನಗಲ್ಲ" ಅಂತ ತೀರ್ಮಾನ ಮಾಡಬೇಡಿ. ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಒಂದರಿಂದ ಹತ್ತನೇ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5 ಮೀಸಲಾತಿ ಇದೆ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಹಳೇ ಶಾಲೆಯಿಂದ ಈಗಲೇ ಮಾಡಿಸಿ ಇಟ್ಟುಕೊಳ್ಳಿ.

ಇಂಟಿಗ್ರೇಟೆಡ್ ಕೋಚಿಂಗ್ ಬೇಕಾ?

ಫೀಸು ಲಕ್ಷಗಳಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಪಾಠ, ಆಮೇಲೆ ಸ್ಟಡಿ ಅವರ್, ಭಾನುವಾರ ಟೆಸ್ಟ್. ಹತ್ತನೇ ತರಗತಿಯಲ್ಲೇ ಮ್ಯಾತ್ಸ್, ಸೈನ್ಸ್ ಚೆನ್ನಾಗಿ ಬರುತ್ತಿದ್ದು, ತನಗಿಂತ ಮುಂದಿರುವವರ ಜೊತೆ ಕೂತರೆ ಹುರುಪು ಬರುವ ಮಗುವಿಗೆ ಇದು ಒಳ್ಳೆಯದು. ಆದರೆ ಸಾಧಾರಣವಾಗಿ ಓದುವ ಮಗುವನ್ನು ಅಲ್ಲಿ ಸೇರಿಸಿದರೆ ಅದು ವಾರ ವಾರವೂ ಕೊನೆ ಬೆಂಚಿನ ಅಂಕ ನೋಡುತ್ತಾ ಕುಗ್ಗುತ್ತೆ. ಇದೇ ಮಗು ಊರಿನ ಕಾಲೇಜಿನಲ್ಲಿ 88 ತೆಗೆದು, ಸಂಜೆ ಹಳೇ ಸಿಇಟಿ ಪೇಪರ್ ಬಿಡಿಸಿ, ಒಳ್ಳೆಯ ಬ್ರಾಂಚಿಗೆ ಹೋಗಬಹುದಿತ್ತು.

ಇಂಟಿಗ್ರೇಟೆಡ್ ಮಕ್ಕಳ ನೋಟ್‌ಬುಕ್ ನೋಡಿ. ಎಂಸಿಕ್ಯೂ ಶೀಟುಗಳಲ್ಲಿ ಟಿಕ್ ತುಂಬಿರುತ್ತೆ. ಅದೇ ಮಗುವಿಗೆ ಐದು ಅಂಕದ ಉತ್ತರ ಬರೆಯೋಕೆ ಕೊಟ್ಟರೆ ಮೂರು ಸಾಲಿಗೆ ಪೆನ್ನು ನಿಲ್ಲುತ್ತೆ. ಬರೆದು ಅಭ್ಯಾಸವಿಲ್ಲ. ಸೇರಿಸುವ ಮುಂಚೆ ಆಫೀಸಿನಲ್ಲಿ ಕೇಳಿ: ಬೋರ್ಡ್ ಮಾದರಿಯ ಬರವಣಿಗೆ ಪರೀಕ್ಷೆ ತಿಂಗಳಿಗೆ ಎಷ್ಟು ಮಾಡುತ್ತೀರಿ? ಲ್ಯಾಬ್ ನಿಜವಾಗಿ ನಡೆಯುತ್ತಾ? ಬೋರ್ಡಿಗಿಂತ ಎಷ್ಟು ವಾರ ಮುಂಚೆ ಕೋಚಿಂಗ್ ನಿಲ್ಲಿಸುತ್ತೀರಿ? ಮೊದಲ ಮೂರು ಸೆಕ್ಷನ್ ಬಿಟ್ಟು ಉಳಿದ ಸೆಕ್ಷನ್‌ಗಳಿಗೆ ಯಾರು ಪಾಠ ಮಾಡುತ್ತಾರೆ? ಫ್ಲೆಕ್ಸ್ ಮೇಲಿರುವ ಮಕ್ಕಳು ಬಹುಪಾಲು ಮೊದಲ ಸೆಕ್ಷನ್‌ನವರೇ ಇರುತ್ತಾರೆ. ನಿಮ್ಮ ಮಗು ಯಾವ ಸೆಕ್ಷನ್‌ನಲ್ಲಿ ಕೂರುತ್ತೆ ಅನ್ನೋದೇ ನಿಮಗೆ ಮುಖ್ಯ.

ಕಾಮರ್ಸ್ ಮಕ್ಕಳಿಗೆ

ಇಲ್ಲಿ ಇದೇ ಗೊಂದಲ ನಾಲ್ಕನೇ ವಿಷಯದಲ್ಲಿ ಬರುತ್ತೆ. ಹಿಸ್ಟರಿ ತಗೊಳ್ಳೋದಾ, ಸ್ಟ್ಯಾಟಿಸ್ಟಿಕ್ಸಾ, ಬೇಸಿಕ್ ಮ್ಯಾತ್ಸಾ, ಕಂಪ್ಯೂಟರ್ ಸೈನ್ಸಾ? ಬಿಕಾಂ ಸೀಟಿಗೆ ಬಹಳಷ್ಟು ಕಾಲೇಜುಗಳು ಪಿಯುಸಿ ಅಂಕವನ್ನೇ ನೋಡುತ್ತವೆ, ಹಾಗಾಗಿ ಇಲ್ಲಿ ಭಾಷೆಯೂ ಸೇರಿ ಒಟ್ಟು ಅಂಕಕ್ಕೆ ಬೆಲೆ ಇದೆ. ಆದರೆ ಸಿಎ ಮಾಡುವ ಆಸೆ ಇದ್ದರೆ ಗಣಿತ ಪೂರ್ತಿ ಬಿಡಬೇಡಿ. ಸಿಎ ಫೌಂಡೇಷನ್‌ನಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್ ಸೇರಿದ ಒಂದು ಪೇಪರೇ ಇದೆ, ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಎಕನಾಮಿಕ್ಸ್ ಆನರ್ಸ್ ಓದಬೇಕು ಅಂದರೂ ಮ್ಯಾತ್ಸ್ ಬೇಕು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ನಡೆಯುತ್ತೆ, ಅಲ್ಲಿ ಬೋರ್ಡಿನ 98ಕ್ಕೆ ಮೊದಲಿನ ತೂಕವಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ

ಅಲ್ಲಿನ ಮಕ್ಕಳಿಗೂ ಇದೇ ಚಿಂತೆ. ಎಪಿ (ಕಾಲೇಜು ಮಟ್ಟದ ಕಷ್ಟದ ಕೋರ್ಸ್) ತಗೊಂಡು ಬಿ ಗ್ರೇಡಾ, ಸಾಮಾನ್ಯ ಕೋರ್ಸ್ ತಗೊಂಡು ಎ ಗ್ರೇಡಾ? ಅಲ್ಲೂ ಮೊದಲು ನೋಡಬೇಕಾದ್ದು ಎಣಿಸುವ ರೀತಿಯನ್ನೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಜಿಪಿಎ (ಸರಾಸರಿ ಗ್ರೇಡ್) ಲೆಕ್ಕದಲ್ಲಿ ಕಷ್ಟದ ಕೋರ್ಸುಗಳಿಗೆ ಹೆಚ್ಚುವರಿ ಪಾಯಿಂಟ್ ಕೊಡುತ್ತಾರೆ, ಆದರೆ 8 ಸೆಮಿಸ್ಟರ್‌ವರೆಗೆ ಮಾತ್ರ. ಅದರಲ್ಲಿ ಹತ್ತನೇ ತರಗತಿಯದ್ದು 4ಕ್ಕಿಂತ ಹೆಚ್ಚು ಸೇರೋದಿಲ್ಲ. ಇಲ್ಲಿಂದ ಅಲ್ಲಿಗೆ ಅರ್ಜಿ ಹಾಕುವ ಪಿಯು ಮಕ್ಕಳು ಒಂದು ನೆನಪಿಡಿ: ಅವರು ಒಂಬತ್ತನೇ ತರಗತಿಯಿಂದ ನಾಲ್ಕೂ ವರ್ಷದ ಅಂಕ ಕೇಳುತ್ತಾರೆ. ಸಿಇಟಿ ರ‍್ಯಾಂಕಿಗೆ ಬಾರದ ಪ್ರಥಮ ಪಿಯುಸಿ ಅಂಕ ಅಲ್ಲಿ ಕಣ್ಣಿಗೆ ಬೀಳುತ್ತೆ.

ತಪ್ಪು ಆಯ್ಕೆ ಅಂತ ಯಾವಾಗ ಗೊತ್ತಾಗುತ್ತೆ?

ಪ್ರಥಮ ಪಿಯುಸಿಯ ಅಂಕ ಲೆಕ್ಕಕ್ಕಿಲ್ಲ ಅಂತ ಆ ವರ್ಷ ಆರಾಮಾಗಿ ಕಳೆಯುವವರು ಜಾಸ್ತಿ. ಸಿಇಟಿ, ನೀಟ್, ಜೆಇಇ ಮೂರರಲ್ಲೂ ಪ್ರಥಮ ಪಿಯುಸಿಯ ಪಾಠಗಳಿಂದ ಪ್ರಶ್ನೆ ಬರುತ್ತೆ. ಹಾಗಾಗಿ ಆ ವರ್ಷದ ಮಿಡ್ ಟರ್ಮ್ ಪರೀಕ್ಷೆಯನ್ನು ಗಂಭೀರವಾಗಿ ತಗೊಳ್ಳಿ. ಒಟ್ಟು ಅಂಕ ನೋಡಿ ಬಿಡಬೇಡಿ, ಉತ್ತರ ಪತ್ರಿಕೆ ಮನೆಗೆ ತರಿಸಿ, ಮಗುವನ್ನು ಪಕ್ಕ ಕೂರಿಸಿಕೊಂಡು ನೋಡಿ. ಗೊತ್ತಿದ್ದೂ ಸಮಯ ಸಾಲದೆ ಬಿಟ್ಟಿದ್ದರೆ ಅಭ್ಯಾಸದಿಂದ ಸರಿಹೋಗುತ್ತೆ. ಓದಿದ್ದೂ ಅರ್ಥವಾಗದೆ ಬಿಟ್ಟಿದ್ದರೆ ಆ ವಿಷಯದ ಲೆಕ್ಚರರ್ ಹತ್ತಿರ ಮಾತಾಡಿ. ಒಂದು ವಿಷಯ ಪುಸ್ತಕ ಬಿಚ್ಚದೆಯೇ ಬಿಟ್ಟಿದ್ದರೆ, ಎರಡು ಮೂರು ಟೆಸ್ಟಿನಲ್ಲೂ ಅದೇ ಆಗಿದ್ದರೆ, ಆ ವಿಷಯ ಮಗುವಿಗೆ ಬೇಡವಾಗಿದೆ.

ದ್ವಿತೀಯ ಪಿಯುಸಿಯಲ್ಲಿ ಅಂಕ ಕಡಿಮೆ ಬಂದರೂ ಅಲ್ಲಿಗೇ ಮುಗಿಯಲ್ಲ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಮತ್ತೆ ಬರೆದು ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಕಾಂಬಿನೇಷನ್ ಬದಲಾವಣೆಗೆ ಮಾತ್ರ ಅಷ್ಟು ಕಾಲ ಸಿಗಲ್ಲ. ಅಡ್ಮಿಷನ್ ಮಾಡಿಸುವ ದಿನವೇ, ಫೀಸು ಕಟ್ಟುವ ಮುಂಚೆ, ಕಾಂಬಿನೇಷನ್ ಬದಲಾಯಿಸೋಕೆ ಕೊನೆ ದಿನ ಯಾವುದು ಅಂತ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನದೊಳಗೆ ಒಂದೆರಡು ಯೂನಿಟ್ ಟೆಸ್ಟ್ ಮುಗಿಯುತ್ತಾ ಅಂತಲೂ ಕೇಳಿ.